ಪುಣೆಯಿಂದ ಧಾರವಾಡಕ್ಕೆ, ಮನೆಯನ್ನೇ ಹತ್ತಿ

ಪ್ರಯಾಣವೆಂದರೆ ಅವ್ವ ಹಿಂದಿನ ಮಧ್ಯಾಹ್ನದಿಂದಲೇ ನೀರು ಬಿಡುತ್ತಾಳೆ. ಬಸ್ಸು ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಶೌಚಾಲಯ ಹೇಗಿರುತ್ತದೋ ಎಂಬ ಹೆದರಿಕೆ. ಒಮ್ಮೆ ಓಡುವ ರೈಲಿನ ಶೌಚಾಲಯದಲ್ಲಿ ಜಾರಿ ಬಿದ್ದ ಮೇಲಂತೂ ಧಾರವಾಡದ ಹೆಸರೇ ಎತ್ತಿರಲಿಲ್ಲ. ಅಲ್ಲಿ ಅವಳ ತಮ್ಮ, ನಮ್ಮ ಸೋದರಮಾವ, ಹಾಸಿಗೆ ಹಿಡಿದಿದ್ದಾರೆ. ಅಕ್ಕ ತಮ್ಮ ಮುಖ ನೋಡಿ ನಾಲ್ಕು ವರ್ಷವಾಗಿತ್ತು.

ಹೀಗಾಗಿ ಕ್ಯಾರವಾನ್ ಬಾಡಿಗೆಗೆ ಹಿಡಿದೆ. ಟೆಂಪೊ ಟ್ರಾವೆಲರನ್ನೇ ಮಾರ್ಪಡಿಸಿ ಎರಡು ಮಂಚ, ಅಂಗೈಯಗಲದ ಅಡುಗೆ ಕಟ್ಟೆ, ಕಮೋಡ್ ಇರುವ ಪುಟ್ಟ ಶೌಚಾಲಯ ಕೂಡಿಸಿದ್ದರು. ಬಾಡಿಗೆ, ಡೀಸೆಲ್, ಟೋಲ್, ಚಾಲಕನ ಭತ್ಯೆ ಎಲ್ಲ ಸೇರಿದರೆ ಒಳ್ಳೆಯ ಹೋಟೆಲಿನಲ್ಲೇ ಇದ್ದು ಬರಬಹುದಿತ್ತು. ಅಗ್ಗವೆಂದು ಯಾರೂ ಇದಕ್ಕೆ ಕೈ ಹಾಕಬೇಡಿ.

ಗಾಡಿ ಒಪ್ಪಿಸಿದ ಹುಡುಗ ಒಂದು ತಾಸು ಪಾಠ ಹೇಳಿದ. ಒಳ್ಳೆಯ ನೀರಿಗೆ ಒಂದು ಟ್ಯಾಂಕ್, ಕೊಳೆ ನೀರಿಗೆ ಇನ್ನೊಂದು. ಎರಡನೆಯದನ್ನು ರಸ್ತೆ ಬದಿಯಲ್ಲಿ ತೆರೆಯಲೇಬಾರದು. ಗಾಡಿ ಓಡುವಾಗ ಗ್ಯಾಸ್ ಬಂದ್, ಮಂಚದ ಮೇಲೆ ಮಲಗುವಂತಿಲ್ಲ, ಬೆಲ್ಟ್ ಹಾಕಿ ಕೂಡಬೇಕು, ಕಪಾಟಿನ ಚಿಲಕ ಮರೆಯಬಾರದು. ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ.

ನಮ್ಮ ಸೊಸೈಟಿಯ ಕಮಾನಿನೊಳಗೆ ಗಾಡಿ ಹಿಡಿಯಲಿಲ್ಲ. ರಸ್ತೆಯಲ್ಲೇ ಸಾಮಾನು ಏರಿಸುವಾಗ ವಾಚ್‌ಮನ್, 'ಶೂಟಿಂಗ್ ಆಹೆ ಕಾ?' ಎಂದ. ಮೆಟ್ಟಿಲು ಎತ್ತರ; ಸ್ಟೂಲ್ ಇಟ್ಟು ಅವ್ವನನ್ನು ಹತ್ತಿಸಿದೆವು. ಒಳಗೆ ಒಂದು ಸುತ್ತು ನೋಡಿದಳು.

'ಅಲ್ಲೋ, ಇಲ್ಲೇ ಅಡಗಿ, ಇಲ್ಲೇ ಪಾಯಖಾನಿ? ನಾ ಅದರೊಳಗ ಕಾಲ ಇಡಂಗಿಲ್ಲ.'

'ಬಾಗಲಾ ಹಾಕ್ಕೊಳ್ಳೂದೈತ್ರಿ ಅತ್ತಿ,' ಅಂದಳು ನನ್ನ ಹೆಂಡತಿ. ಅವ್ವ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಆ ಬಾಗಿಲಿನಿಂದ ದೂರ, ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಳು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ?

ಬೆಳಿಗ್ಗೆ ಆರಕ್ಕೆ ಹೊರಟೆವು. ಮೊದಲ ಸ್ಪೀಡ್ ಬ್ರೇಕರಿಗೇ ಕಪಾಟು ತೆರೆದು ತಟ್ಟೆಗಳೆಲ್ಲ ಉರುಳಿದವು. ವಿಡಿಯೊ ಮಾಡಿಕೊಂಡವನೇ ಚಿಲಕ ಮರೆತಿದ್ದೆ! ಮಗಳು ಕಾತ್ರಜ್ ಸುರಂಗ ದಾಟುವವರೆಗೂ ನಗುತ್ತಿದ್ದಳು. ಶಿರವಳ ದಾಟಿ ಖಂಬಾಟ್ಕಿ ಘಾಟ್ ಏರುವಾಗ ತಿರುವು ತಿರುವಿಗೂ ಟ್ಯಾಂಕಿನ ನೀರು ಕುಲುಕುವ ಸದ್ದು. ಅವ್ವ ತುಟಿ ಬಿಗಿಹಿಡಿದು ಕೂತಿದ್ದಳು.

ಘಾಟ್ ಇಳಿದು, ವಾಯಿಗೆ ಹೋಗುವ ಸುರೂರ್ ಫಾಟಾದ ಹತ್ತಿರ ಬಂದಾಗ ಮೆಲ್ಲಗೆ, 'ತಮ್ಮಾ, ಗಾಡಿ ನಿಂದರಸಂತ ಹೇಳು,' ಅಂದಳು.

ಚಾಲಕ ಪಕ್ಕಕ್ಕೆ ನಿಲ್ಲಿಸಿದ. ಯಾವ ಕಂಡಕ್ಟರನ ಸೀಟಿಯೂ ಇಲ್ಲ, ಹಿಂದೆ ಗೊಣಗುವವರಿಲ್ಲ. ನಾನೂ ಚಾಲಕನೂ ಇಳಿದು ದೂರ ಹೋಗಿ ಕಬ್ಬಿನ ಹೊಲ ನೋಡುತ್ತ ನಿಂತೆವು. ಹೆಂಡತಿ ಕರೆದಾಗ ಹತ್ತು ನಿಮಿಷವಾಗಿರಬೇಕು.

ಅವ್ವ ಕೈಕಾಲು ತೊಳೆದು ಕಿಟಕಿಯ ಬಳಿ ಕೂತಿದ್ದಳು. ಡಬ್ಬಿ ಬಿಚ್ಚಿತ್ತು. ಚಾಲಕನ ಕೈಗೂ ಎರಡು ರೊಟ್ಟಿ ಬಂದವು. ಆತ 'ಆಜಿ' ಎಂದು ಹಣೆಗೊತ್ತಿಕೊಂಡ.

'ಧಾರವಾಡ ಇನ್ನ ಎಷ್ಟ ದೂರ ಐತಿ?'

'ಮುನ್ನೂರು ಕಿಲೋಮೀಟರ್ ಮ್ಯಾಲ ಐತಿ, ಅವ್ವಾ.'

'ಹಂಗಾರ ಒಂದ ತಂಬಿಗಿ ನೀರ ಕೊಡು.'