ಊರು ನಗರ ಸೇರಿತು, ಗ್ರಾಮಸಭೆ ಎಲ್ಲಿ ಹೋಯಿತು?

ಪತ್ರಿಕೋದ್ಯಮದ ಓದು ಮುಗಿಸಿ ನಾವು ನಾಲ್ವರು ಬೆಂಗಳೂರಿಗೆ ಬಂದಾಗ ನಮ್ಮ ದುಡ್ಡಿಗೆ ಸಿಕ್ಕಿದ್ದು ನಗರದ ಅಂಚಿನಲ್ಲಿ ಒಂದು ಮನೆಯ ಮೂರನೇ ಮಹಡಿ. ನಾಲ್ವರೂ ಹಳ್ಳಿಯವರೇ. ಒಬ್ಬ ಕೊಪ್ಪಳದ ಕಡೆಯವ, ಒಬ್ಬ ಹಾವೇರಿಯವ, ಇನ್ನಿಬ್ಬರು ಚಾಮರಾಜನಗರದವರು. ದೊಡ್ಡ ನಗರಕ್ಕೆ ಬಂದೆವು ಅಂದುಕೊಂಡಿದ್ದೆವು. ವಾರ ಕಳೆದ ಮೇಲೆ ಗೊತ್ತಾಯಿತು, ನಾವಿದ್ದದ್ದು ಮೊನ್ನೆ ಮೊನ್ನೆಯವರೆಗೂ ಹಳ್ಳಿಯಾಗಿದ್ದ ಜಾಗ.

ಮನೆ ಮಾಲೀಕರ ತಾಯಿಯನ್ನು ನಾವೂ ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಸಂಜೆ ಮೆಟ್ಟಿಲ ಮೇಲೆ ಕೂತು ಬೆರಳು ತೋರಿಸುತ್ತಿದ್ದರು. "ಅಗೋ, ಆ ಟವರ್ ಐತಲ್ಲ, ಅಲ್ಲೇ ನಮ್ ರಾಗಿ ಹೊಲ. ಪಕ್ಕದಾಗೆ ಗುಂಡುತೋಪು. ಮಳೆ ನೀರು ಇಲ್ಲೇ ಕಾಲುವೆಲಿ ಹರಿದು ಕೆರೆಗೆ ಹೋಗ್ತಿತ್ತು."

ಕಾಲುವೆ ಇದ್ದಲ್ಲಿ ಈಗ ಗಾಡಿ ನಿಲ್ಲಿಸುತ್ತಾರೆ. ಜೋರು ಮಳೆ ಬಂದಾಗ ನೀರು ಹಳೇ ದಾರಿಯಲ್ಲೇ ಬಂದು ಕೆಳಗಿನ ಮನೆಗೆ ನುಗ್ಗುತ್ತಿತ್ತು. ನಾವು ಬಕೆಟ್ ಹಿಡಿದು ಇಳಿಯುತ್ತಿದ್ದೆವು. ಬೇಸಿಗೆಯಲ್ಲಿ ಅದೇ ಬಕೆಟ್ ಹಿಡಿದು ಟ್ಯಾಂಕರ್ ಕಾಯುತ್ತಿದ್ದೆವು.

ಹಳ್ಳಿಯವರು ಪಟ್ಟಣ ಸೇರುವುದರಿಂದಲೇ ನಗರ ಬೆಳೆಯುತ್ತದೆ ಎಂದು ನಾವು ಓದಿದ್ದೆವು. ಅದು ಅರ್ಧ ನಿಜ. ನಗರವೂ ಹಳ್ಳಿಗೆ ಬರುತ್ತದೆ. 1951ರಲ್ಲಿ ಸುಮಾರು 8 ಲಕ್ಷ ಜನರಿದ್ದ ಬೆಂಗಳೂರಿನಲ್ಲಿ 2011ರ ಜನಗಣತಿ ಹೊತ್ತಿಗೆ ಸುಮಾರು 85 ಲಕ್ಷ ಜನ. ನಡುವೆ 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಅಜ್ಜಿಯ ಊರು ಆ 110ರಲ್ಲಿ ಒಂದು. ಕಾವೇರಿ ಐದನೇ ಹಂತದ ನೀರಿನ ಯೋಜನೆ ಈ ಹಳ್ಳಿಗಳಿಗೆಂದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹೆಸರಿಗೆ ನಗರ ಸೇರಿ 17 ವರ್ಷದ ಮೇಲೆ! ಆ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಢಾಕಾ, ಲಾಗೋಸ್‌ನಂಥ ಊರುಗಳ ಕತೆಯೂ ಹೀಗೇ. ಮೊದಲು ಮನೆ, ಜನ, ಆಮೇಲೆ ಪೈಪು, ಚರಂಡಿ.

ಹೊಲ ಮಾರಿದ್ದಕ್ಕೆ ಬೇಜಾರಿದೆಯಾ ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆವು. "ಇಲ್ಲ ಕಣ್ ಮಕ್ಕಳೇ. ಸಾಲ ತೀರ್ತು, ಮನೆ ಆಯ್ತು, ಬಾಡಿಗೇಲಿ ಊಟ ನಡೀತೈತೆ. ಹೊಲ ನಮ್ದು, ನಾವು ಮಾರಿದ್ವಿ. ತೋಪು ಯಾರ್ದು? ಅದನ್ನ ಯಾರು ಯಾರನ್ನ ಕೇಳಿ ತಗೊಂಡ್ರು?"

ನಾವು ಅಷ್ಟೂ ವರ್ಷ ಓದಿದ್ದರೂ ಉತ್ತರ ಹೇಳಲಿಲ್ಲ. ಹಳ್ಳಿಯಾಗಿದ್ದಾಗ ಕೇಳಲು ಗ್ರಾಮಸಭೆ ಇತ್ತು. ನಗರ ಸೇರಿದ ಮೇಲೆ ಅದು ಹೋಯಿತು. ಬಿಬಿಎಂಪಿಗೆ 2015ರಲ್ಲಿ ಆರಿಸಿದ್ದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ನೀರು ನುಗ್ಗಿತು ಅಂತ ಹೇಳಿಕೊಳ್ಳಲು ಅಜ್ಜಿಗೆ ಒಬ್ಬ ಮೆಂಬರೂ ಇರಲಿಲ್ಲ.

ಇದು ಬೆಂಗಳೂರಿನ ಮಾತು, ನಮಗೇನು ಅನ್ನಬೇಡಿ. 5,000ಕ್ಕಿಂತ ಹೆಚ್ಚು ಜನರಿದ್ದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟಿದ್ದು, ಮನೆಗಳು ಒತ್ತಾಗಿದ್ದರೆ ಆ ಊರನ್ನು ಜನಗಣತಿಯವರು ಪಟ್ಟಣ ಎಂದೇ ಎಣಿಸುತ್ತಾರೆ. ಆಡಳಿತ ಮಾತ್ರ ಬಹುಪಾಲು ಪಂಚಾಯಿತಿಯದೇ. ಇಂಥ ಊರು ದೇಶದಲ್ಲಿ 2001ರಲ್ಲಿ 1,362 ಇದ್ದವು. 2011ಕ್ಕೆ 3,894 ಆದವು.

ಹೋದ ತಿಂಗಳು ನಮ್ಮ ಹಾವೇರಿ ಗೆಳೆಯನಿಗೆ ಊರಿಂದ ಕಾಕಾನ ಫೋನ್ ಬಂತು. "ನಮ್ಮ ಹೊಲದ ಬಾಜೂಕ ಕಲ್ಲು ನಟ್ಟಾರಲೇ. ಲೇಔಟ್ ಮಾಡ್ತಾರಂತ. ನಮಗೂ ಕೇಳಾಕತ್ತಾರ. ಕೊಡೂನೋ, ಬ್ಯಾಡೋ?"

ನಾಲ್ವರೂ ಸ್ಪೀಕರ್ ಹಾಕಿ ಕೂತೆವು. ಕೊಡಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಕಾಕಾನ ಸಾಲ ನಮಗೆ ಗೊತ್ತು. ಅಜ್ಜಿಯ ಮಾತು ಹೇಳಿದೆವು. ಹೊಲದ ವಿಚಾರ ಮನೆಯವರು ಕೂತು ತೀರ್ಮಾನಿಸಿ. ಆದರೆ ಕೆರೆ, ಹಳ್ಳ, ಗೋಮಾಳ, ಸ್ಮಶಾನ, ಬಂಡಿದಾರಿ ಊರಿನವು. ಹಳೇ ಗ್ರಾಮ ನಕ್ಷೆ ತೆಗೆಸಿ, ಅವುಗಳ ಸರ್ವೆ ನಂಬರ್ ಬರೆದಿಡಿ. ಹದ್ದುಬಸ್ತು ಮಾಡಿಸಬೇಕೆಂದು ಗ್ರಾಮಸಭೆಯಲ್ಲಿ ಠರಾವು ಬರೆಸಿ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಕರೆಯಲೇಬೇಕು, ಅದು ಕಾನೂನು.

"ಸಭಾಕ್ಕ ಯಾರ್ ಬರ್ತಾರೋ ತಮ್ಮಾ?" ಅಂದರು ಕಾಕಾ.

ಆ ಮಾತು ನಮಗೇ ತಾಗಿತು. ನಮ್ಮ ನಮ್ಮ ಊರಿನ ಗ್ರಾಮಸಭೆಯಲ್ಲಿ ನಾವು ಕೊನೆಯ ಸಲ ಕೂತದ್ದು ಯಾವಾಗ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಇಬ್ಬರು ಒಮ್ಮೆಯೂ ಕೂತಿರಲಿಲ್ಲ. ಮುಂದಿನ ಸಭೆಯ ದಿನಾಂಕ ಗೊತ್ತಾದ ಕೂಡಲೇ ಫೋನ್ ಮಾಡಿ ಎಂದು ಕಾಕಾಗೆ ಹೇಳಿದ್ದೇವೆ. ನಾಲ್ವರೂ ಹಾವೇರಿ ಬಸ್ ಹತ್ತುತ್ತೇವೆ. ನಿಮ್ಮೂರಿನ ಸಭೆ ಯಾವತ್ತಿದೆ, ನಿಮಗೆ ಗೊತ್ತಾ?