ಅಂಟು ಕಲಿಸಿದ ಪಾಠ

ಸ್ಮರಣಸಂಚಿಕೆಗಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ನಮ್ಮ ವಿದ್ಯಾರ್ಥಿನಿಯರು ಕೇಳಿದಾಗ, ಶಿಸ್ತು, ಸಮಯಪಾಲನೆ ಮುಂತಾದ ಎಂದಿನ ವಿಷಯಗಳೇ ಮೊದಲು ನೆನಪಿಗೆ ಬಂದವು. ಆದರೆ ಕಳೆದ ಬೇಸಗೆಯ ರಜದಲ್ಲಿ ಗೌರಿಬಿದನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಕುರಿತು ಬರೆಯುವುದೇ ಲೇಸೆಂದು ತೋರಿತು.

ನನ್ನ ತಮ್ಮನು ದೇವಾಲಯದ ಗಾಯನವೃಂದದಲ್ಲಿ ಗಿಟಾರು ನುಡಿಸುವವನು. ವಿದ್ಯುತ್ ಗಿಟಾರೊಂದನ್ನು ಸ್ವಹಸ್ತದಿಂದಲೇ ಮಾಡಬೇಕೆಂಬುದು ಅವನ ಬಹುದಿನದ ಆಸೆ. ಇಂಥ ವಾದ್ಯದ ಕತ್ತನ್ನು ಒಡಲಿಗೆ ಸೇರಿಸುವುದಕ್ಕೆ ಮುಖ್ಯವಾಗಿ ಎರಡು ಕ್ರಮಗಳುಂಟು. ಅಮೆರಿಕದ ಫೆಂಡರ್ ಸಂಸ್ಥೆಯವರು 1950ರಲ್ಲಿ ಹೊರತಂದ ಗಿಟಾರಿನಲ್ಲಿ ಕತ್ತನ್ನು ತಿರುಪುಗಳಿಂದ ಬಿಗಿದಿದ್ದರು. ಗಿಬ್ಸನ್ ಸಂಸ್ಥೆಯವರ 1952ರ ಲೆಸ್ ಪಾಲ್ ಗಿಟಾರಿನಲ್ಲಿ, ಕತ್ತಿನ ಬುಡದಲ್ಲಿ ನಾಲಗೆಯಂತೆ ಚಾಚಿದ ಭಾಗವನ್ನು ಒಡಲಿನ ಗುಳಿಯೊಳಗೆ ಇಳಿಸಿ ಅಂಟಿಸಿದ್ದರು. ತಮ್ಮನು ಈ ಎರಡನೆಯ ಕ್ರಮವನ್ನೇ ಆರಿಸಿಕೊಂಡನು. ನಮ್ಮ ವೀಣೆಗಳಲ್ಲಿಯೂ ಒಂದೇ ಕಾಂಡದಿಂದ ಕೊರೆದ ಏಕಾಂಡವೀಣೆ ಇರುವಂತೆ, ಕೊಡವನ್ನೂ ದಂಡಿಯನ್ನೂ ಬೇರೆಬೇರೆಯಾಗಿ ಮಾಡಿ ಕೂಡಿಸಿದ ವೀಣೆಗಳೂ ಉಂಟಷ್ಟೆ. ಕೂಡಿಸಿದ ವಾದ್ಯದ ಬಾಳೆಲ್ಲವೂ ಆ ಸಂದನ್ನೇ ನಂಬಿರುವುದು. ಗಿಟಾರಿನ ಆರು ತಂತಿಗಳು ಶ್ರುತಿಗೆ ಬಂದಾಗ ಅವುಗಳ ಸೆಳೆತವು ಸುಮಾರು 45 ಕಿಲೋಗ್ರಾಂ ಭಾರಕ್ಕೆ ಸಮನಾಗಿರುತ್ತದೆ.

ನಾಲಗೆಯನ್ನು ಉಪ್ಪುಕಾಗದದಿಂದ ನುಣುಪು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಉತ್ಸಾಹದಿಂದ ಉಜ್ಜಿದೆನು, ಅಳತೆ ಮೀರಿ ಉಜ್ಜಿದೆನು. ಗುಳಿಯೊಳಗೆ ಇಟ್ಟು ನೋಡಿದಾಗ ಕತ್ತು ಅತ್ತಿತ್ತ ಅಲುಗಾಡಿತು. “ಅಕ್ಕಾ, ಇದು ಸಡಿಲವಾಯಿತಲ್ಲ!” ಎಂದು ತಮ್ಮನು ಪೇಚಾಡಿದನು. “ಅಂಟನ್ನು ಧಾರಾಳವಾಗಿ ಹಾಕು, ಸಂದು ತುಂಬಿಕೊಳ್ಳುತ್ತದೆ; ಭಾನುವಾರದ ಆರಾಧನೆಗೆ ವಾದ್ಯ ಸಿದ್ಧವಾಗಬೇಕು” ಎಂದು ನಾನೇ ಅಪ್ಪಣೆ ಮಾಡಿದೆನು. ಸಂಜೆ ಬಿಳಿಯ ಅಂಟನ್ನು ಸುರಿದು ಬಿಗಿದೆವು. ಮರುದಿನ ಬೆಳಿಗ್ಗೆಯೇ ತಂತಿ ಏರಿಸಿದೆವು. ಮೂರನೆಯ ದಿನ ತಂತಿಗಳು ಬೆರಳಿಗೆ ಎಟುಕದಷ್ಟು ಮೇಲೆದ್ದಿದ್ದವು. ಕತ್ತಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತ್ತು.

ನೆರೆಯ ವೃದ್ಧ ಬಡಗಿಯೊಬ್ಬರನ್ನು ಕರೆತಂದೆವು. ಸರೇಸನ್ನು ನೀರಿನಲ್ಲಿ ನೆನೆಯಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಕಾಯಿಸಿ ಬಳಸುತ್ತಿದ್ದ ಕಾಲದವರು ಅವರು. ಸಂದನ್ನು ನೋಡಿ, “ಅಮ್ಮಾ, ಮರಕ್ಕೆ ಮರ ತಾಗಿದರೆ ಅಂಟು ಹಿಡಿಯುತ್ತದೆ. ಮರವೇ ಇಲ್ಲದ ಕಡೆ ಅದು ಯಾವುದನ್ನು ಹಿಡಿದೀತು?” ಎಂದರು.

ಅವರ ಎದುರಿನಲ್ಲಿಯೇ ಕೆಲಸವನ್ನು ಮೊದಲಿನಿಂದ ಮಾಡಿದೆವು. ಬಿಸಿನೀರನ್ನೂ ತೆಳುವಾದ ಅಲಗನ್ನೂ ಸಂದಿಯೊಳಗೆ ಹಾಯಿಸಿ ಕತ್ತನ್ನು ಬಿಡಿಸಿ, ಮರವನ್ನು ಚೆನ್ನಾಗಿ ಒಣಗಲು ಬಿಟ್ಟೆವು. ಒಣಗಿದ ಹಳೆಯ ಅಂಟಿನ ಮೇಲೆ ಹೊಸದು ಸರಿಯಾಗಿ ಹಿಡಿಯದಾದುದರಿಂದ, ಬರಿಯ ಮರ ಕಾಣುವವರೆಗೂ ಅದನ್ನು ಕೆರೆದು ತೆಗೆದೆವು. ಸವೆದ ಪಕ್ಕಕ್ಕೆ ಅದೇ ಜಾತಿಯ ಮರದ ತೆಳುಪಟ್ಟಿಯೊಂದನ್ನು ಅಂಟಿಸಿ, ಅದು ಗಟ್ಟಿಯಾದ ಬಳಿಕ ನಾಲಗೆಗೆ ನನ್ನ ಸೀಮೆಸುಣ್ಣವನ್ನೇ ಬಳಿದು ಗುಳಿಯೊಳಗೆ ಇಳಿಸಿ ತೆಗೆದೆವು. ಎಲ್ಲಿ ಸುಣ್ಣ ಒರಸಿಹೋಗಿತ್ತೋ ಅಲ್ಲಿ ಉಬ್ಬು. ಅಲ್ಲಿ ಮಾತ್ರ ಉಳಿಯಿಂದ ಎಳೆಯಷ್ಟು ಕೆತ್ತಬೇಕು. ಹೀಗೆ ಹತ್ತಾರು ಬಾರಿ ಮಾಡಿದ ಮೇಲೆ, ಅಂಟಿಲ್ಲದೆಯೇ ಕತ್ತನ್ನು ಹಿಡಿದೆತ್ತಿದರೂ ಒಡಲು ಕಳಚಿ ಬೀಳಲಿಲ್ಲ. ಆಮೇಲೆ ತಲೆಯಿಂದ ಕುದುರೆಯವರೆಗೆ ಎರಡು ದಾರಗಳನ್ನು ಕಟ್ಟಿ ಕತ್ತು ಓರೆಯಾಗಿಲ್ಲವೆಂದು ನೋಡಿದೆವು. ಮೆಟ್ಟುಗಳ ಮೇಲೆ ನೇರವಾದ ಪಟ್ಟಿಯನ್ನಿರಿಸಿ, ಕುದುರೆಯ ಎತ್ತರಕ್ಕೆ ತಕ್ಕಂತೆ ಕತ್ತು ಹಿಂದಕ್ಕೆ ಬಾಗಿದೆಯೇ ಎಂದು ಪರೀಕ್ಷಿಸಿದೆವು. ಕಟ್ಟಕಡೆಗೆ ಸುಣ್ಣವನ್ನೆಲ್ಲ ಒರಸಿ, ಎರಡು ಮುಖಗಳಿಗೂ ಅಂಟನ್ನು ತೆಳುವಾಗಿ ಸವರಿ, ಮರದ ತುಂಡುಗಳನ್ನು ಒತ್ತಾಗಿಟ್ಟು ಕ್ಲಾಂಪು ಬಿಗಿದೆವು. ಅಂಚಿನುದ್ದಕ್ಕೂ ಅಂಟು ಸಣ್ಣ ಹನಿಗಳಾಗಿ ಸಮನಾಗಿ ಹೊರಬಂದಿತು. ತಂತಿಯ ಭಾರ ಹೊರಿಸಲು ಕನಿಷ್ಠ 24 ಗಂಟೆ ಕಾಯಬೇಕು. ನಾವು ಎರಡು ದಿನ ಕಾದೆವು.

ಆ ಎರಡು ರಾತ್ರಿಗಳೂ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬಡಗಿಯವರ ಮಾತು ಒಬ್ಬ ಬಾಲಕಿಯನ್ನು ನೆನಪಿಗೆ ತಂದಿತ್ತು. ಕೆಲವು ವರ್ಷಗಳ ಹಿಂದೆ ಗಡಿಯಾಚೆಯ ಹಳ್ಳಿಯಿಂದ ಬಂದು ಒಂಬತ್ತನೆಯ ತರಗತಿಗೆ ಸೇರಿದವಳು, ಮನೆಮಾತು ತೆಲುಗು. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಬುಡದಿಂದ ಕಲಿಸಲು ಸಮಯವೆಲ್ಲಿದೆ ಎಂದು ನಾನು ಅವಳಿಗೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿದೆನು. ಶಾಲೆಯನ್ನು ನೋಡಲು ಬಂದ ಹಿರಿಯರ ಮುಂದೆ ಅವಳು ತಡೆಯಿಲ್ಲದೆ ಒಪ್ಪಿಸಿದಾಗ ಹೆಮ್ಮೆಪಟ್ಟೆನು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆಯ ಮಾತು ಕೊಂಚ ಬೇರೆಯಾಗಿತ್ತು. ಅವಳಿಗೆ ಏನೂ ತೋಚಲಿಲ್ಲ. ಅನುತ್ತೀರ್ಣಳಾಗಿ ಊರಿಗೆ ಹಿಂದಿರುಗಿದಳು. “ಶ್ರದ್ಧೆ ಸಾಲದು” ಎಂದು ಅವಳ ವಿಷಯದಲ್ಲಿ ಷರಾ ಬರೆದವಳು ನಾನು. ಸಂದು ಬಿಟ್ಟವಳೂ, ಅಂಟು ಸುರಿದವಳೂ, ಅವಸರಪಡಿಸಿದವಳೂ ನಾನೇ ಎಂಬುದು ಅಂದು ನನಗೆ ತಿಳಿಯಲಿಲ್ಲ.

ಗಿಟಾರು ಈಗ ಆರಾಧನೆಯಲ್ಲಿ ನುಡಿಯುತ್ತಿದೆ, ಕತ್ತು ಅಲುಗಿಲ್ಲ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ನಮ್ಮ ಕರ್ತನು ಇಂಥ ಕೆಲಸದ ತಾಳ್ಮೆಯನ್ನು ಬಲ್ಲವನಾಗಿದ್ದನೆಂದು ನಂಬುತ್ತೇನೆ. ಶಾಲೆ ತೆರೆದ ವಾರದಿಂದ, ಓದಲು ತಡವರಿಸುವ ಮಕ್ಕಳೊಡನೆ ದಿನಕ್ಕೊಂದು ಗಂಟೆ ನಾನೇ ಕುಳಿತುಕೊಳ್ಳುತ್ತಿದ್ದೇನೆ. ಆ ಬಾಲಕಿಯ ಮನೆಗೂ ಕಾಗದ ಬರೆದು, ಷರಾ ನನ್ನ ತಪ್ಪೆಂದು ಒಪ್ಪಿಕೊಂಡು, ಮರಳಿ ಪರೀಕ್ಷೆಗೆ ಕಟ್ಟುವಂತೆ ಕೇಳಿಕೊಂಡಿದ್ದೇನೆ. ಉತ್ತರ ಬಂದಿಲ್ಲ. ಅವಳು ಬಂದಲ್ಲಿ ಅಕ್ಷರದಿಂದಲೇ ಆರಂಭಿಸುವೆವು.