ಓದುವ ಬೆರಳು, ಬರೆಯುವ ಕೈ

ಮೆಮೊರಿಯಲ್ಲಿ ಒಂದು ಸ್ಟ್ರೀಮ್ ಬಫರ್ ತೆರೆದು ಅದರೊಳಗೆ ಹಿಂದೆ ಮುಂದೆ ಓಡಾಡುವುದು ಪ್ರೋಗ್ರಾಮಿಂಗಿನಲ್ಲಿ ನನಗೆ ಬಲು ಇಷ್ಟವಾದ ಕೆಲಸ. ಬಫರಿನಲ್ಲಿರುವುದು ಬರೀ ಬೈಟುಗಳ ಸಾಲು. ಆ ಸಾಲಿಗೆ ಸೇರದೆ, ಅದರ ಹೊರಗೇ ನಿಂತ ಒಂದು ಸಂಖ್ಯೆ ಇರುತ್ತದೆ: ಮುಂದಿನ ಬೈಟು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಂಖ್ಯೆ. ಒಂದು ಬೈಟೂ ಬದಲಾಗದೆ ಅದೊಂದು ಬದಲಾದರೆ ಸಾಕು, ಪ್ರೋಗ್ರಾಮಿನ ಕಣ್ಣಿಗೆ ಬಫರು ಬೇರೆಯೇ ಆಗಿಬಿಡುತ್ತದೆ. ಪೈಥಾನಿನ ಬೈಟ್ಸ್‌ಐಒ, ಡಾಟ್‌ನೆಟ್‌ನ ಮೆಮೊರಿಸ್ಟ್ರೀಮ್ ಇಂಥ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು ಓದು, ಬರೆಹ ಎರಡನ್ನೂ ನಡೆಸುತ್ತವೆ. ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್‌ಸ್ಟ್ರೀಮ್ ಮಾತ್ರ ಎರಡು ಇಟ್ಟುಕೊಳ್ಳುತ್ತದೆ. ಓದುವ ಸ್ಥಾನವನ್ನು ಸೀಕ್‌ಜಿ ಸರಿಸುತ್ತದೆ, ಬರೆಯುವ ಸ್ಥಾನವನ್ನು ಸೀಕ್‌ಪಿ. ಅವು ಈಗ ಎಲ್ಲಿವೆ ಎಂಬುದನ್ನು ಟೆಲ್‌ಜಿ, ಟೆಲ್‌ಪಿ ತಿಳಿಸುತ್ತವೆ. ಪುಸ್ತಕದ ಪ್ರತಿ ಮಾಡುವವರ ಎಡಗೈ ಬೆರಳು ಓದುವ ಸಾಲಿನ ಮೇಲೂ ಬಲಗೈ ಬರೆಯುವ ಸಾಲಿನ ಮೇಲೂ ಇರುವಂತೆ, ಮೆಮೊರಿಯ ಬಫರಿಗೂ ಎರಡು ಸ್ಥಾನಗಳೇ ಸಹಜ ಎಂಬುದು ನನ್ನ ವಾದ.

ಧ್ವನಿಯ ವೇವ್ ಫೈಲನ್ನು ಬಫರಿನಲ್ಲಿ ಕಟ್ಟುವ ಕೆಲಸವನ್ನೇ ನೋಡೋಣ. ಸಾಮಾನ್ಯ ರೂಪದಲ್ಲಿ ಅದರ ತಲೆಭಾಗ 44 ಬೈಟು. 4ನೇ ಬೈಟಿನಲ್ಲಿ ಫೈಲಿನ ಉಳಿದ ಭಾಗದ ಉದ್ದ ಇರಬೇಕು, 40ನೇ ಬೈಟಿನಲ್ಲಿ ಧ್ವನಿಯ ಉದ್ದ. ಆದರೆ ತಲೆಭಾಗ ಬರೆಯುವ ಹೊತ್ತಿಗೆ ಧ್ವನಿಯೇ ಇನ್ನೂ ಬಂದಿರುವುದಿಲ್ಲ. ಉದ್ದ ತಿಳಿಯುವುದು ಕೊನೆಗೆ. ಹಾಗಾಗಿ ಆ ಎರಡೂ ಕಡೆ ಸೊನ್ನೆ ತುಂಬಿ ಮುಂದೆ ಹೋಗುತ್ತೇವೆ. ಸಿಡಿ ಗುಣಮಟ್ಟದ ಒಂದು ಸೆಕೆಂಡಿನ ಸ್ಟೀರಿಯೊ ಧ್ವನಿ ಎಂದರೆ 44,100 ಮಾದರಿಗಳು, ಎರಡು ಚಾನೆಲ್, ಮಾದರಿಗೆ ಎರಡೆರಡು ಬೈಟು, ಒಟ್ಟು 1,76,400 ಬೈಟು. ಅದೆಲ್ಲ ಬರೆದಾದ ಮೇಲೆ ಸೀಕ್‌ಪಿಯಿಂದ 40ಕ್ಕೆ ಮರಳಿ 1,76,400 ಎಂದು ತುಂಬಬೇಕು. 4ಕ್ಕೆ ಹೋಗಿ 1,76,436 ಎಂದು ತುಂಬಬೇಕು. ಇಷ್ಟಕ್ಕೆ ಕೈಬಿಟ್ಟರೆ ಬರೆಯುವ ಸ್ಥಾನ 8ರಲ್ಲೇ ನಿಂತಿರುತ್ತದೆ. ಮುಂದೆ ಬರೆದದ್ದು ಬಾಲಕ್ಕೆ ಸೇರುವ ಬದಲು, ಇದು ವೇವ್ ಫೈಲು ಎಂದು ಸಾರುವ ಗುರುತಿನ ಮೇಲೆಯೇ ಬೀಳುತ್ತದೆ. ಅದಕ್ಕೇ ತಿರುಗಿ ಕೊನೆಗೆ ಹೋಗಿ ನಿಲ್ಲಬೇಕು. ಈ ಹೋಗಿಬರುವಿಕೆಯಲ್ಲಿ ನನಗೆ ಅಚ್ಚುಕಟ್ಟಾದ ಸೌಂದರ್ಯವೊಂದು ಕಾಣುತ್ತದೆ: ತಿಳಿಯದ್ದಕ್ಕೆ ಜಾಗ ಬಿಟ್ಟು, ತಿಳಿದ ಮೇಲೆ ಬಂದು ತುಂಬುವುದು. ಇಷ್ಟೆಲ್ಲ ನಡೆಯುವಾಗಲೂ ಓದುವ ಸ್ಥಾನ ಸೊನ್ನೆಯಲ್ಲೇ ಇರುತ್ತದೆ, ಯಾರೂ ಅದನ್ನು ಮುಟ್ಟಿರುವುದಿಲ್ಲ. ಓದುವ ಭಾಗ ಬಂದು ನೇರವಾಗಿ ಮೊದಲ ಬೈಟಿನಿಂದ ಶುರು ಮಾಡಬಹುದು.

ಒಂದೇ ಸ್ಥಾನವಿರುವ ಕಡೆ ಈ ಸ್ವಾತಂತ್ರ್ಯ ಇಲ್ಲ. ಬೈಟ್ಸ್‌ಐಒದಲ್ಲಿ ಬರೆದು ತಕ್ಷಣ ಓದಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಸ್ಥಾನ ಬರೆದ ಬಾಲದಲ್ಲೇ ಇದೆ. ತಪ್ಪೆಂಬ ಸೂಚನೆಯೂ ಬರದು. ಖಾಲಿ ಉತ್ತರ ಬರುತ್ತದೆ, ಖಾಲಿ ಉತ್ತರಕ್ಕೂ ತನ್ನದೇ ಅರ್ಥವಿರುವುದರಿಂದ ದೋಷ ಬೇಗ ಬಯಲಾಗುವುದಿಲ್ಲ. 2002ರ ಜಾವಾ 1.4ರಲ್ಲಿ ಬಂದ ಬೈಟ್‌ಬಫರ್ ಇದಕ್ಕೆ ಫ್ಲಿಪ್ ಎಂಬ ಪರಿಹಾರ ಕೊಟ್ಟಿತು: ಬರೆದದ್ದು ಎಲ್ಲಿಗೆ ಮುಗಿಯಿತೋ ಅಲ್ಲಿ ಮಿತಿಯ ಗೆರೆ ಎಳೆದು, ಸ್ಥಾನವನ್ನು ಸೊನ್ನೆಗೆ ತರುತ್ತದೆ. ಆದರೆ ಓದುವ ಮೊದಲೇ ಎರಡನೇ ಸಲ ಫ್ಲಿಪ್ ಕರೆದರೆ ಮಿತಿಯೂ ಸೊನ್ನೆಯಾಗಿ, ತುಂಬಿದ ಬಫರಿನಲ್ಲಿ ಓದಲು ಏನೂ ಉಳಿಯದು. ಜಾವಾ ಲೋಕದಲ್ಲೇ ಬೆಳೆದ ನೆಟ್ಟಿ ಎಂಬ ನೆಟ್‌ವರ್ಕ್ ಚೌಕಟ್ಟು ತನ್ನ ಬೈಟ್‌ಬಫ್‌ನಲ್ಲಿ ಓದಿಗೊಂದು, ಬರೆಹಕ್ಕೊಂದು ಸೂಚ್ಯಂಕ ಇಟ್ಟು ಫ್ಲಿಪ್ಪಿನ ಅಗತ್ಯವನ್ನೇ ತೆಗೆದುಹಾಕಿತು. ಒಂದೇ ಭಾಷೆಯ ಒಳಗೆ, ದಿನವಿಡೀ ಬಫರುಗಳನ್ನೇ ಬಳಸುವ ಜನ ಹೀಗೆ ಎರಡರತ್ತ ಹೊರಳಿದ್ದನ್ನು ನಾನು ಗಟ್ಟಿ ಸಾಕ್ಷ್ಯವೆಂದೇ ಎಣಿಸುತ್ತೇನೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಒಂದಿದೆ. ಮೆಮೊರಿಯ ಸ್ಟ್ರೀಮ್ ಹುಟ್ಟಿದ್ದೇ ಫೈಲಿನ ಪರವಾಗಿ ನಿಲ್ಲಲು. ಯುನಿಕ್ಸ್ ತೆರೆದ ಫೈಲಿಗೆ ಒಂದೇ ಸ್ಥಾನ ಇಡುತ್ತದೆ, ಸಿ ಪ್ಲಸ್ ಪ್ಲಸ್‌ನಲ್ಲೂ ಫೈಲಿನ ಓದು ಬರೆಹಗಳಿಗೆ ಜಂಟಿ ಸ್ಥಾನವೇ. ಹಾಗಿರುವಾಗ ಸ್ಟ್ರಿಂಗ್‌ಸ್ಟ್ರೀಮಿನಲ್ಲಿ ಪರೀಕ್ಷೆ ಮಾಡಿ ಸರಿ ಎಂದುಕೊಂಡ ಕೋಡ್ ನಿಜವಾದ ಫೈಲಿನ ಎದುರು ಮುಗ್ಗರಿಸಬಹುದು. ಈ ಅಪಾಯ ನಿಜ, ಇದನ್ನು ಅಲ್ಲಗಳೆಯಲಾರೆ. ಆದರೆ ಫೈಲೂ ಒಂದು ಶಿಸ್ತು ಕೇಳುತ್ತದೆ: ಸಿ ಭಾಷೆಯ ನಿಯಮದಂತೆ ಬರೆಹದಿಂದ ಓದಿಗೆ ಹೊರಳುವ ಮುನ್ನ ಬಫರನ್ನು ಖಾಲಿ ಮಾಡಬೇಕು, ಇಲ್ಲವೇ ಸ್ಥಾನ ಗೊತ್ತುಮಾಡುವ ಕರೆ ಕೊಡಬೇಕು. ಹೊರಳುವಾಗಲೆಲ್ಲ ಎಲ್ಲಿಂದ ಎಂದು ಬಾಯಿಬಿಟ್ಟು ಹೇಳುವ ಕೋಡ್ ಎರಡೂ ಕಡೆ ಒಂದೇ ರೀತಿ ನಡೆಯುತ್ತದೆ. ಮುಗ್ಗರಿಸುವುದು ಸ್ಥಾನವನ್ನು ಊಹೆಗೆ ಬಿಟ್ಟ ಕೋಡ್. ಸ್ಟ್ರಿಂಗ್‌ಸ್ಟ್ರೀಮ್ ಊಹೆಗೆ ಎಷ್ಟು ಕಡಿಮೆ ಎಡೆ ಕೊಡುತ್ತದೆ ಎಂಬುದಕ್ಕೆ ಒಂದು ಚಿಕ್ಕ ನಿಯಮ ಸಾಕು: ಅದರ ಬಫರಿನಲ್ಲಿ ಎರಡೂ ಸ್ಥಾನಗಳನ್ನು ಒಟ್ಟಿಗೆ ಸರಿಸುತ್ತಾ ‘ಈಗಿರುವಲ್ಲಿಂದ ಇಷ್ಟು ಮುಂದೆ’ ಎಂದರೆ ಆ ಕರೆ ವಿಫಲವಾಗುತ್ತದೆ. ಎರಡು ಜಾಗದಲ್ಲಿ ಇರುವವರಿಗೆ ‘ಈಗಿರುವಲ್ಲಿ’ ಎಂಬುದೊಂದು ಇಲ್ಲವಲ್ಲ. ಇನ್ನು, ಎರಡು ಸ್ಥಾನವೆಂದರೆ ಗೊಂದಲವೂ ಎರಡರಷ್ಟು ಎನ್ನುವವರಿದ್ದಾರೆ. ಓದು ಕೊನೆ ಮುಟ್ಟಿ ಸೋತ ಮೇಲೆ ಕ್ಲಿಯರ್ ಕರೆಯುವ ತನಕ ಸ್ಟ್ರಿಂಗ್‌ಸ್ಟ್ರೀಮ್ ಹೊಸದಾಗಿ ಬರೆಯಗೊಡದು, ಓದಗೊಡದು ಎಂಬ ಅವರ ದೂರು ನ್ಯಾಯವಾದದ್ದೇ. ಆದರೆ ಆ ತೊಡಕಿನ ಮೂಲ ಸೋಲಿನ ಗುರುತನ್ನು ಅಂಟಿಸಿಕೊಂಡೇ ಇರುವ ವಿನ್ಯಾಸ. ಸ್ಥಾನ ಒಂದೇ ಇದ್ದಿದ್ದರೂ ಅದು ಹಾಗೆಯೇ ಕಾಡುತ್ತಿತ್ತು.

ಎರಡರ ಅಗತ್ಯ ಕನ್ನಡ ಪಠ್ಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ವ್ಯಂಜನ, ಸ್ವರಚಿಹ್ನೆ, ಹಲಂತ (ಅರ್ಧಾಕ್ಷರ ಮಾಡುವ ಗುರುತು) ಮೂರು ಮೂರು ಬೈಟು. ‘ಕನ್ನಡ’ ಎಂಬುದು ಐದು ಸಂಕೇತ, 15 ಬೈಟು. ಕಣ್ಣಿಗೆ ಕಾಣುವ ಮೂರು ಅಕ್ಷರಗಳು 0, 3, 12ರಲ್ಲಿ ಶುರುವಾಗುತ್ತವೆ. ನೆಟ್‌ವರ್ಕಿನಿಂದ ಇದರ ಮೊದಲ 8 ಬೈಟು ಮಾತ್ರ ಬಂದಿವೆ ಎನ್ನಿ. ಬರೆಯುವ ಸ್ಥಾನ 8ಕ್ಕೆ ಹೋಗಿದೆ. ಓದುವ ಸ್ಥಾನ ಅಲ್ಲಿಗೆ ಹೋಗುವಂತಿಲ್ಲ, ಮೂರನೇ ಸಂಕೇತ ಅರ್ಧಕ್ಕೆ ಕಡಿದಿದೆ. 6ರ ತನಕ ಹೋಗಬಹುದೇ? ಸಂಕೇತಗಳಷ್ಟೇ ಸಾಕಾದರೆ ಹೌದು. ಅಕ್ಷರ ಬೇಕಾದರೆ ಇಲ್ಲ, ಏಕೆಂದರೆ ಆ ‘ನ’ಕ್ಕೆ ಒತ್ತು ಬರುವುದಿದೆಯೋ ಗೊತ್ತಿಲ್ಲ. ಆದ್ದರಿಂದ ಓದು ‘ಕ’ವನ್ನು ತೆಗೆದುಕೊಂಡು 3ರಲ್ಲೇ ನಿಲ್ಲಬೇಕು, ಬರೆಹ ಮುಂದುವರಿಯುತ್ತಲೇ ಇರಬೇಕು. ಒಂದೇ ಸ್ಥಾನವಿದ್ದರೆ ಉಳಿದ ಐದು ಬೈಟುಗಳನ್ನು ಬೇರೆಡೆ ಎತ್ತಿಟ್ಟು, ಮುಂದಿನ ಕಂತು ಬಂದಾಗ ಮತ್ತೆ ಅಂಟಿಸುವ ಕೆಲಸ ಪ್ರೋಗ್ರಾಮರನ ತಲೆಗೆ ಬರುತ್ತದೆ, ಇಲ್ಲವೇ ಕಂತು ಕಂತಿಗೂ ಸ್ಥಾನವನ್ನು ನೆನಪಿಟ್ಟು ಅತ್ತಿತ್ತ ಎಳೆಯಬೇಕು. ಎರಡಿದ್ದರೆ ಆ ಬೈಟುಗಳು ಇದ್ದಲ್ಲೇ ಇರುತ್ತವೆ. ಉಳಿದ ಏಳು ಬೈಟು ಬಂದು ಬರೆಯುವ ಸ್ಥಾನ 15 ಮುಟ್ಟಿದಾಗ ‘ಡ’ ಕಾಣಿಸುತ್ತದೆ, ಅಲ್ಲಿಗೆ ‘ನ್ನ’ ಪೂರ್ಣವೆಂದು ಖಾತ್ರಿಯಾಗಿ ಓದು 12ಕ್ಕೆ ಸರಿಯುತ್ತದೆ. ‘ಡ’ಕ್ಕೂ ಮುಂದೆ ಗುಣಿತವೋ ಒತ್ತೋ ಸೇರಬಹುದಾದ್ದರಿಂದ, ಮುಂದಿನ ಅಕ್ಷರ ಬರುವವರೆಗೆ ಅಥವಾ ಸ್ಟ್ರೀಮ್ ಮುಚ್ಚಿತೆಂಬ ಸೂಚನೆ ಸಿಗುವವರೆಗೆ ಓದುವ ಸ್ಥಾನ 15ಕ್ಕೆ ಹೋಗಬಾರದು.